ಸುಮ್ಮನಿದ್ದವರು

ಹತ್ತನೆಯ ತರಗತಿಯ ಅಯ್ಪೆರಿ ಎದ್ದು ನಿಂತು ಓದಿದ್ದು ಪಾಠಪುಸ್ತಕದ ಒಂದು ಸಾಧಾರಣ ವಾಕ್ಯ. ಅದರಲ್ಲಿ ಯಂತ್ರಗಳಿದ್ದವು, ಒಂದು ಚಳಿಗಾಲವಿತ್ತು, ಎರಡರ ನಡುವೆ 'ಐಡಲ್' ಎಂಬ ಇಂಗ್ಲಿಷ್ ಪದವಿತ್ತು. ಅವಳು ಹಣೆ ಗಂಟಿಕ್ಕಿ ಅದನ್ನು ತನ್ನ ಮಾತಿಗೆ ತಿರುಗಿಸಿದಳು: "ಇಡೀ ಚಳಿಗಾಲ ಯಂತ್ರಗಳು ಸೋಮಾರಿಗಳಾಗಿ ನಿಂತಿದ್ದವು." ತರಗತಿ ಗೊಳ್ಳೆಂದು ನಕ್ಕಿತು. "ನಮ್ಮಪ್ಪನ ಟ್ರ್ಯಾಕ್ಟರ್ ಥರ," ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು, ನಗು ಇನ್ನೊಂದು ಸುತ್ತು ಎದ್ದಿತು. ಮುಕಾಷ್ ಮೇಷ್ಟ್ರು ಮಾತ್ರ ನಗಲಿಲ್ಲ. ಅವರ ಕೈಯಲ್ಲಿದ್ದ ಸೀಮೆಸುಣ್ಣ ಕಪ್ಪು ಹಲಗೆಯ ಮೇಲೆ ಒಂದು ಅಕ್ಷರದ ಅರ್ಧಕ್ಕೆ ನಿಂತುಬಿಟ್ಟಿತ್ತು. ಹಳೆಯ ಪಾಠಪುಸ್ತಕದಲ್ಲಿ ಈ ಪದ ಬರುವ ಪುಟ ಅವರಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ, ಪ್ರತಿ ಅಕ್ಟೋಬರಿನಲ್ಲೂ, ಹೊತ್ತಿಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದು ಏನಾದರೂ ನೆವ ಹೇಳಿ ಆ ಪುಟ ಹಾರಿಸುತ್ತಿದ್ದರು. ಈ ವರ್ಷ ಹೊಸ ಪುಸ್ತಕ ಬಂದಿತ್ತು. ಮುಂದಾಗಿ ಓದಿಕೊಂಡಿರಲಿಲ್ಲ.

"ಯಂತ್ರಕ್ಕೆ ಸೋಮಾರಿತನ ಇರಲ್ಲ," ಎಂದರು, ಹಲಗೆಯ ಕಡೆಗೇ ಮುಖ ಮಾಡಿಕೊಂಡು. "ಕೆಲಸ ಇಲ್ಲದೆ ಸುಮ್ನೆ ನಿಂತಿದ್ವು ಅಂತ. ಹುರುಳಿಲ್ಲದ ಹರಟೆಗೂ ಇದೇ ಪದ ಹೇಳ್ತಾರೆ. ನಡೆಸೋ ಉದ್ದೇಶ ಇಲ್ಲದ ಬೆದರಿಕೆಗೂ ಹೇಳ್ತಾರೆ." ಹೇಳುತ್ತಾ ಹೋದಂತೆ ಒಂದು ಅರ್ಥವನ್ನು ಆದಷ್ಟು ಹಿಂದಕ್ಕೆ ತಳ್ಳುತ್ತಿದ್ದೇನೆ ಎಂಬುದು ಅವರಿಗೇ ತಿಳಿಯಿತು. ಅಯ್ಪೆರಿ ಬಿಡಲಿಲ್ಲ. "ಮನುಷ್ಯರಿಗೆ ಹೇಳಿದ್ರೆ ಸೋಮಾರಿ ಅಂತಾನೇ ಅಲ್ವಾ ಮೇಷ್ಟ್ರೇ?" "ಅಲ್ಲ. ಯಾವಾಗ್ಲೂ ಅಲ್ಲ." "ಮತ್ತೆ ಯಾವ ಅರ್ಥ ಅಂತ ಹೆಂಗೆ ಗೊತ್ತಾಗತ್ತೆ?" ಅವರು ತಿರುಗಿ ಆ ಹುಡುಗಿಯನ್ನು ನೋಡಿದರು. ಕೆಟ್ಟ ಕುತೂಹಲವೇನೂ ಇಲ್ಲದ, ಉತ್ತರ ಬರುವವರೆಗೆ ಕೂರುವುದಿಲ್ಲವೆಂಬ ಮುಖ. "ಹೇಳ್ತಿರೋನ ಮುಖ ನೋಡ್ಬೇಕು," ಎಂದುಬಿಟ್ಟರು.

ಹದಿನಾಲ್ಕು ವರ್ಷದ ಹಿಂದೆ, ಅವತ್ತು, ಅವರು ಮುಖ ನೋಡಿರಲಿಲ್ಲ. ಕಾರ್ಖಾನೆಯ ಊಟದ ಮನೆಯಲ್ಲಿ ಇನ್ನೂರು ಜನ ಸೇರಿದ್ದರು, ಮೇಜಿಗೆ ಕೆಂಪು ಬಟ್ಟೆ ಹಾಸಿತ್ತು, ಅವರ ಕೊರಳಿಗೆ ಹೆಂಡತಿಯ ತಮ್ಮನಿಂದ ತಂದ ಟೈ ಬಿಗಿಯುತ್ತಿತ್ತು. ಹುಲ್ಲು ಕತ್ತರಿಸುವ ಯಂತ್ರ ಮಾಡುತ್ತಿದ್ದ ಆ ಕಾರ್ಖಾನೆ ನಿಂತು ಎರಡು ವರ್ಷವಾಗಿತ್ತು. ಮಾಸ್ಕೋದಿಂದ ಕಬ್ಬಿಣ ಬರುವುದು ನಿಂತಿತ್ತು, ಯಂತ್ರ ಕೇಳುವವರೂ ಇರಲಿಲ್ಲ. ಕೊಳ್ಳುವ ಯೋಚನೆಯಿಂದ ಇಂಗ್ಲೆಂಡಿನ ಕಾಲ್ವರ್ಟ್ ಎಂಬ ಎಂಜಿನಿಯರೊಬ್ಬ ನೋಡಲು ಬಂದಿದ್ದ, ಮತ್ತು ಅಕ್-ತೆರೆಕ್‌ನಂಥ ಸಣ್ಣ ಊರಿನಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಮುಕಾಷ್ ಒಬ್ಬರೇ. ಹಾಗೆಂದು ಊರು ನಂಬಿತ್ತು, ಅವರೂ ನಂಬಿದ್ದರು. ಹದಿನಾರು ವರ್ಷ ಇಂಗ್ಲಿಷ್ ಕಲಿಸಿದ್ದ ಅವರು ಆ ಭಾಷೆಯಲ್ಲೇ ಹುಟ್ಟಿದವನೊಬ್ಬನನ್ನು ಅವತ್ತು ಬೆಳಿಗ್ಗೆ ಮೊದಲ ಸಲ ನೋಡಿದರು. ಗೇಟಿನಿಂದ ಊಟದ ಮನೆಗೆ ನಡೆದುಬರುವಷ್ಟರಲ್ಲಿ ಆತ ನಾಲ್ಕು ಸಲ ಕಿವಿಯ ಹತ್ತಿರ ಕೈ ತಂದು, ನಯವಾಗಿ, ಇನ್ನೊಮ್ಮೆ ಹೇಳಿ ಎಂದಿದ್ದ. ನಾಲ್ಕನೆಯ ಸಲ ಕಾರ್ಖಾನೆಯ ಡೈರೆಕ್ಟರು ಮುಕಾಷ್‌ರ ಕಡೆ ಓರೆನೋಟ ಬೀರಿದ್ದರು. ಆ ನೋಟ ಬೆನ್ನಿಗೆ ಅಂಟಿಕೊಂಡಿತ್ತು. ಹಾಗಾಗಿ ಕಾಲ್ವರ್ಟ್ ಎದ್ದು ಮಾತಾಡತೊಡಗಿದಾಗ ಮುಕಾಷ್ ಮಾತಿಗಿಂತ ಹೆಚ್ಚಾಗಿ ತನ್ನನ್ನು ನೋಡುತ್ತಿದ್ದ ಇನ್ನೂರು ಜೊತೆ ಕಣ್ಣುಗಳನ್ನು ಕೇಳಿಸಿಕೊಳ್ಳುತ್ತಿದ್ದರು. ಎಲ್ಲಿಯೂ ತಡವರಿಸಬಾರದು, ಒಂದು ಕ್ಷಣವೂ ಬಾಯಿ ನಿಲ್ಲಬಾರದು. ಆತ ಮೊದಲ ಸಾಲಿನಲ್ಲಿ ಕೂತಿದ್ದ ಬೈಸಾಲ್ ಮತ್ತವನ ಸಂಗಡಿಗರತ್ತ ಕೈತೋರಿಸಿ ಒಂದು ವಾಕ್ಯ ಹೇಳಿದ. ಅದರಲ್ಲಿ 'ಐಡಲ್' ಇತ್ತು, ಎರಡು ವರ್ಷವಿತ್ತು, ಕೊನೆಗೆ 'ಶೇಮ್' ಎಂಬ ಇನ್ನೊಂದು ಪದವಿತ್ತು. ಶಾಲೆಯ ಪುಟ್ಟ ನಿಘಂಟು ಎರಡಕ್ಕೂ ಒಂದೊಂದೇ ಅರ್ಥ ಕೊಟ್ಟಿತ್ತು. ಮುಕಾಷ್ ಗಂಟಲು ಸರಿಮಾಡಿಕೊಳ್ಳದೆಯೇ, ತಮಗೇ ಹೆಮ್ಮೆಯಾಗುವಷ್ಟು ಸರಾಗವಾಗಿ ಹೇಳಿದರು: "ಈ ಗಂಡಸರು ಎರಡು ವರ್ಷದಿಂದ ಸೋಮಾರಿಗಳಾಗಿ ಬಿದ್ದಿದ್ದಾರೆ. ನಾಚಿಕೆಗೇಡು."

ಬೈಸಾಲ್ ಲೇತ್ ಮಷೀನಿನ ಕೆಲಸಗಾರ. ಕಾರ್ಖಾನೆ ನಿಂತ ಮೇಲೂ ಹನ್ನೊಂದು ಮಂದಿಯನ್ನು ಕೂಡಿಕೊಂಡು, ಸಂಬಳದ ಮಾತಿಲ್ಲದೆ, ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಿದ್ದ. ಲೇತುಗಳಿಗೆ ಎಣ್ಣೆ ಹಚ್ಚುವುದು, ತುಕ್ಕು ಹಿಡಿಯದಂತೆ ಅಚ್ಚುಗಳನ್ನು ಕೈಯಿಂದಲೇ ತಿರುಗಿಸುವುದು, ತಾಮ್ರದ ತಂತಿ ಕೀಳಲು ಬಂದವರನ್ನು ಓಡಿಸುವುದು. ಹಿಮ ಮಂಡಿ ಮಟ್ಟ ಬಿದ್ದ ದಿನಗಳಲ್ಲೂ ಕಾರ್ಖಾನೆಯ ಚಿಮಣಿಯ ಕೆಳಗೆ ಅವರು ಹಾಕಿದ ಬೆಂಕಿಯ ಸಣ್ಣ ಹೊಗೆ ಏಳುತ್ತಿದ್ದುದನ್ನು ಶಾಲೆಯ ಕಿಟಕಿಯಿಂದ ಮುಕಾಷ್ ತಾವೇ ನೋಡಿದ್ದರು. ನೋಡಿದ್ದೂ ಹಾಗೆ ಹೇಳಿದರು. ಮಾತು ಬಿದ್ದ ಮೇಲೆ ಊಟದ ಮನೆಯಲ್ಲಿ ಒಂದು ಬೆಂಚು ಕಿರುಗುಟ್ಟಿತು, ಅಷ್ಟೇ. ಬೈಸಾಲ್ ಎದ್ದ. ಕಪ್ಪು ಎಣ್ಣೆ ಗೆರೆಗೆರೆಯಲ್ಲಿ ಇಳಿದ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡ, ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಕೆಂಪು ಬಟ್ಟೆಯ ಮೇಲಿಟ್ಟ, ಹೊರಗೆ ಹೋದ. ಅವನ ಹಿಂದೆ ಇನ್ನೂ ಮೂರು ನಾಲ್ಕು ಜನ ಹೋದರು. ಕಾಲ್ವರ್ಟ್ ಗಾಬರಿಯಿಂದ ಮುಕಾಷ್‌ರ ಕಡೆ ಬಾಗಿ ಏನಾಯಿತು, ನಾನೇನಾದರೂ ತಪ್ಪು ಹೇಳಿದೆನೆ ಎಂದು ಕೇಳಿದ. ಅವನ ಮುಖವನ್ನು ಮುಕಾಷ್ ಆಗ ಮೊದಲ ಸಲ ನೋಡಿದ್ದು. ಅದು ಬೈದವನ ಮುಖವಾಗಿರಲಿಲ್ಲ. "ಅವರಿಗೆ ಹುಷಾರಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ.

ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಬೆಂಚು ಎಳೆದಾಡಿಕೊಂಡು ಹೊರಗೆ ನುಗ್ಗಿದರು. ಮುಕಾಷ್ ಅರ್ಧ ಬರೆದ ಅಕ್ಷರವನ್ನು ಬಟ್ಟೆಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಅವತ್ತಿನ ಸಭೆಯಾದ ಹತ್ತು ದಿನಕ್ಕೆ ಕಾಲ್ವರ್ಟ್‌ನ ಪತ್ರ ಬಂದಿತ್ತು, ಅನುವಾದಕ್ಕೆಂದು ಡೈರೆಕ್ಟರು ಕರೆಸಿದ್ದರು. ಕೊಳ್ಳಲಾಗುವುದಿಲ್ಲ, ದಾರಿ ದೂರ, ಸಾಗಣೆ ಕಷ್ಟ ಎಂದು ಒಂದೂವರೆ ಪುಟ. ಕೊನೆಗೆ ಎರಡು ಸಾಲು: ಎರಡು ವರ್ಷ 'ಐಡಲ್' ಆಗಿ ನಿಂತ ಯಂತ್ರಗಳು ಇಷ್ಟು ಚೆನ್ನಾಗಿರುವುದನ್ನು ನಾನು ಎಲ್ಲಿಯೂ ಕಂಡಿಲ್ಲ, ಅವನ್ನು ಕಾಪಾಡಿದವರಿಗೆ ನನ್ನ ಗೌರವ ತಿಳಿಸಿ, ಅಂಥ ಕೈಗಳಿಗೆ ಕೆಲಸ ಸಿಗದೇ ಹೋದದ್ದು ನನಗೆ ವ್ಯಥೆ ತಂದಿದೆ. ಮುಕಾಷ್ ಆ ಪದದ ಮೇಲೆ ಬೆರಳಿಟ್ಟು ಕೂತರು. ಯಂತ್ರ ಹೇಗೆ ಸೋಮಾರಿಯಾದೀತು? ಡೈರೆಕ್ಟರು, "ಒಟ್ಟು ಇಲ್ಲ ಅಂತ ತಾನೇ? ಸಾಕು ಬಿಡಪ್ಪ," ಎಂದು ಪತ್ರವನ್ನು ಖಾನೆಗೆ ಸೇರಿಸಿದರು, ಮುಂದಿನ ತಿಂಗಳು ಅವರೇ ರಾಜಧಾನಿಗೆ ಹೊರಟುಹೋದರು. ಎಣ್ಣೆ ಹಚ್ಚುವವರಿಲ್ಲದ ಕಾರ್ಖಾನೆಯನ್ನು ಮುಂದಿನ ಚಳಿಗಾಲದೊಳಗೆ ಜನ ಬಿಚ್ಚಿ ಗುಜರಿಗೆ ಸಾಗಿಸಿದರು. ಕಾಲ್ವರ್ಟ್ ಹೇಗೂ ಕೊಳ್ಳುತ್ತಿರಲಿಲ್ಲ, ಕಾರ್ಖಾನೆ ಹೇಗೂ ಹೋಗುತ್ತಿತ್ತು ಎಂದು ಮುಕಾಷ್ ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅದು ನಿಜವೂ ಹೌದು. ಆದರೆ ಅವರ ನಿದ್ದೆ ಕೆಡಿಸುತ್ತಿದ್ದುದು ಕಾರ್ಖಾನೆಯಲ್ಲ. ಅದು ಪತ್ರ ಬಂದ ವಾರಕ್ಕೆ ಆದದ್ದು. ಸಂತೆಯಲ್ಲಿ ಈರುಳ್ಳಿ ಮೂಟೆಗಳ ಪಕ್ಕ ಬೈಸಾಲ್ ಎದುರಾದ. ಕೈ ಕುಲುಕಿದ, ಮನೆಯವರ ಕ್ಷೇಮ ಕೇಳಿದ, ಆಮೇಲೆ ನೆಲ ನೋಡುತ್ತಾ ಮೆಲ್ಲಗೆ ಕೇಳಿದ: "ತಮ್ಮಾ, ನೀನು ಓದಿದೋನು. ಆ ಮನುಷ್ಯ ಅವತ್ತು ನಿಜವಾಗ್ಲೂ ಆ ಮಾತೇ ಅಂದ್ನಾ?" ಎದುರಿಗೆ ಈರುಳ್ಳಿ ತೂಗುತ್ತಿದ್ದವಳು ಅವರ ವಿದ್ಯಾರ್ಥಿನಿಯ ತಾಯಿ, ಇವರ ಕಡೆಗೇ ಕಿವಿಯಾಗಿದ್ದಳು. ಮುಕಾಷ್, "ಹೌದಣ್ಣ," ಎಂದರು. "ಅದೇ ಅಂದ." ಮೊದಲನೆಯದು ತಿಳಿಯದೆ ಆದದ್ದು. ಇದಕ್ಕೆ ಯಾವ ನಿಘಂಟನ್ನೂ ದೂರುವಂತಿರಲಿಲ್ಲ.

ಶಾಲೆಯಿಂದ ಮನೆಗೆ ಬಂದವರು ಊಟಕ್ಕೆ ಕೂರಲಿಲ್ಲ. ಹೆಂಡತಿ ಜಿಪಾರ್ ರೊಟ್ಟಿ, ಕೆನೆ ಮುಂದಿಟ್ಟು ಚಹಾ ಬಗ್ಗಿಸಿ ಕೂತಳು. ಇವರು ನಿಂತೇ ಎಲ್ಲವನ್ನೂ ಹೇಳಿದರು, ಸಂತೆಯ ಮಾತನ್ನೂ. ಅದನ್ನು ಅವಳು ಕೇಳುತ್ತಿದ್ದುದು ಅದೇ ಮೊದಲು. "ಹದಿನಾಲ್ಕು ವರ್ಷ ಹೊಟ್ಟೇಲಿಟ್ಕೊಂಡಿದ್ರಾ!" ಎಂದಳು. ಚಹಾದ ಬಟ್ಟಲನ್ನು ಅವರ ಕಡೆ ಸರಿಸಿ, "ಈಗ ಹೇಳಿದ್ರೆ ಯಾರಿಗೆ ಒಳ್ಳೇದಾಗತ್ತೆ? ಅವರಿಗಾ, ನಿಮಗಾ?" ಎಂದಳು. ಅವರು ಕೋಟು ಹಾಕಿಕೊಂಡು ಬೈಸಾಲನ ಮನೆಯ ಕಡೆ ಹೊರಟರು. ದಾರಿಯುದ್ದಕ್ಕೂ ಪಾಪ್ಲರ್ ಎಲೆಗಳು ಹಳದಿಯಾಗಿ ಕಾಲುವೆಯಲ್ಲಿ ತೇಲುತ್ತಿದ್ದವು. ತಮಗೇ ಒಳ್ಳೆಯದಾಗಲಿ ಎಂದೇ ಹೋಗುತ್ತಿರಬಹುದು ಅನ್ನಿಸಿತು, ಹಾಗನ್ನಿಸಿದ ಕೂಡಲೆ ಹೆಜ್ಜೆ ಸಣ್ಣದಾಯಿತು. ಹೀಗೆ ಎಷ್ಟೋ ಸಲ ಹೊರಟು ಕಾಲುವೆಯ ಸೇತುವೆಯಿಂದ ಹಿಂತಿರುಗಿದ್ದರು. ಒಮ್ಮೆ ಹಿಂತಿರುಗಿದ್ದಕ್ಕೆ ಕಾರಣ ನಾಯಿ ಬೊಗಳಿದ್ದು. ಇವತ್ತು ಸೇತುವೆ ದಾಟಿದ ಮೇಲೆಯೇ ದಾಟಿದ್ದು ಗಮನಕ್ಕೆ ಬಂತು.

ಬೈಸಾಲ್ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಹಸು ಕರೆಯುತ್ತಿದ್ದ. ಎಪ್ಪತ್ತು ದಾಟಿದವನು. ಊರಿನ ಮದುವೆ, ತಿಥಿ, ಹಬ್ಬ ಯಾವುದಕ್ಕೂ ಬರದೆ, ಊರಿನ ಅಂಚಿನಲ್ಲಿ ನಾಲ್ಕು ಕುರಿ ಒಂದು ಹಸುವಿನೊಂದಿಗೆ ಇದ್ದುಬಿಟ್ಟಿದ್ದವನು. ಮೇಷ್ಟ್ರನ್ನು ಕಂಡು ಏಳಲು ಹೋದ. "ಏಳ್ಬೇಡಣ್ಣ, ಹಾಲು ಒಡಕೊಂಡೀತು," ಎಂದು ಮುಕಾಷ್ ಅವಸರವಾಗಿ ಹೇಳಿ, ಇದೇನು ಮಾತಾಡಿದೆ ಎಂದುಕೊಂಡು, ಉಳಿದದ್ದನ್ನೂ ಅದೇ ಅವಸರದಲ್ಲಿ ಹೇಳಿಬಿಟ್ಟರು. ಅವನಾಡಿದ ಆ ಎರಡು ಪದಕ್ಕೂ ಎರಡೆರಡು ಅರ್ಥವಿದೆ. ಕಾಲ್ವರ್ಟ್ ಹೇಳಿದ್ದು, ಇಂಥವರು ಎರಡು ವರ್ಷದಿಂದ ಕೆಲಸವಿಲ್ಲದೆ ಇರಬೇಕಾಯಿತಲ್ಲ, ಎಂಥ ಅನ್ಯಾಯ ಎಂದು. ಪತ್ರದಲ್ಲಿ ಗೌರವ ತಿಳಿಸಿದ್ದ. ಅದು ಗೊತ್ತಿದ್ದೂ ನಾನು ಸಂತೆಯಲ್ಲಿ ನಿನಗೆ ಸುಳ್ಳು ಹೇಳಿದೆ.

ಹಾಲಿನ ಧಾರೆ ನಿಂತಿತು. ಬೈಸಾಲ್ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಕೂತೇ ಇದ್ದ. ಹಸು ತಿರುಗಿ ನೋಡಿತು.

"ಗೌರವ ತಿಳ್ಸಿ ಅಂತ ಬರ್ದಿದ್ನಾ?"

"ಬರ್ದಿದ್ದ ಅಣ್ಣ."

"ಇದು ಅವನು ಬರ್ದಿದ್ದೋ, ನೀನು ಸೇರ್ಸಿದ್ದೋ?"

ಬೈಸಾಲ್ ಮುಕಾಷ್‌ರ ಕಡೆ ತಿರುಗಿದ. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಯಾವುದೋ ಸಾಮಾನು ಎಲ್ಲಿಟ್ಟೆನೆಂದು ಹುಡುಕುವವನ ನೋಟವಿತ್ತು. "ನಾನು ದಿನಾ ನಮಾಜಿನಲ್ಲಿ ಅವನಿಗೆ ಶಾಪ ಹಾಕ್ತಿದ್ದೆ ಕಣೋ. ದಿನಾ. ಅವನ ಮನೆ ಹಾಳಾಗ್ಲಿ, ಅವನ ಮಕ್ಕಳು ಅವನ್ನ ಸೋಮಾರಿ ಅನ್ಲಿ ಅಂತ. ಅವನೇನು ಮಾಡಿದ್ದ ಪಾಪ?" ಹಾಲಿನ ಪಾತ್ರೆಯ ಅಂಚು ಒರೆಸಿದ. "ಅವನ ಹೆಸ್ರೇನು?"

"ಕಾಲ್ವರ್ಟ್."

"ಕಲ್ಬರ್," ಎಂದು ಹೇಳಿನೋಡಿದ. "ಇವತ್ತಿಂದ ಅವನಿಗೆ ಒಳ್ಳೇದಾಗ್ಲಿ ಅಂತ ದುವಾ ಮಾಡ್ಬೇಕು. ಎಷ್ಟು ದಿನ ಮಾಡಿದ್ರೆ ಅದು ತೀರತ್ತೋ."

"ನನ್ನ ಕ್ಷಮಿಸ್ಬಿಡಣ್ಣ," ಎಂದರು ಮುಕಾಷ್. ಬೈಸಾಲ್ ಹಾಲಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಮಂಡಿಯ ಮೇಲೆ ಕೈಯೂರಿ ಎದ್ದ. "ಆ ಮಾತು ಎಷ್ಟು ಜನರ ಮುಂದೆ ಅಂದೆ?"

"ಇನ್ನೂರು."

"ಇನ್ನೂರು ಜನರ ಮುಂದೆ ಅಂದಿದ್ದನ್ನ ಒಬ್ಬ ಮುದುಕ, ಒಂದು ಹಸುವಿನ ಮುಂದೆ ವಾಪಸ್ ತಗೊಂಡು ಹೋಗ್ತೀಯಾ?" ಎಂದ. ದನಿ ಏರಿಸಲಿಲ್ಲ. "ಶನಿವಾರ ಜೊಲ್ಚು ಮೊಮ್ಮಗನ್ನ ತೊಟ್ಟಿಲಿಗೆ ಹಾಕ್ತಾನಂತೆ. ಇಡೀ ಊರಿಗೆ ಹೇಳಿದ್ದಾನೆ. ನಾನೂ ಬರ್ತೀನಿ. ಅಲ್ಲಿ ಹೇಳು."

ಜೊಲ್ಚು ಕಾರ್ಖಾನೆಯ ಹಳೆಯ ಮೇಸ್ತ್ರಿ, ದೊಡ್ಡ ದನಿಯ ಮನುಷ್ಯ, ಅವತ್ತು ಕೆಂಪು ಬಟ್ಟೆಯ ಮೇಜಿನ ತುದಿಗೆ ಕೂತಿದ್ದವನು. ಶುಕ್ರವಾರ ರಾತ್ರಿಯವರೆಗೆ ಮುಕಾಷ್ ಹೇಳಬೇಕಾದ ಮಾತನ್ನು ಹಲವು ಬಗೆಯಲ್ಲಿ ಜೋಡಿಸಿಕೊಂಡರು. ಬಾಯಲ್ಲಿ ಹೊರಳಿಸಿದಂತೆಲ್ಲ ತಪ್ಪು ಸಣ್ಣದಾಗಿ, ವಿದ್ವತ್ತಿನ ವಿಷಯವಾಗಿ, ಕೇಳಿದವರು ಪಾಪ ಮೇಷ್ಟ್ರು ಎನ್ನುವಂತೆ ಆಗಿಬಿಡುತ್ತಿತ್ತು. ಆ ಜಾಣತನ ಕಂಡು ಹೇಸಿಗೆಯಾಗಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಶನಿವಾರ ಜೊಲ್ಚುವಿನ ಮನೆಯ ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಜಮಖಾನೆ ಹಾಸಿ, ನಡುವೆ ಉದ್ದಕ್ಕೆ ರೊಟ್ಟಿ, ಒಣದ್ರಾಕ್ಷಿ, ಕರಿದ ಹಿಟ್ಟಿನ ತುಂಡುಗಳ ರಾಶಿ ಹರಡಿತ್ತು. ಐವತ್ತು ಅರವತ್ತು ಜನ ಇದ್ದರು. ಬೈಸಾಲ್ ಒಗೆದ ಬಿಳಿಯ ಕಂಬಳಿ ಟೋಪಿ ಹಾಕಿಕೊಂಡು ಬಂದಾಗ ಒಳಗಿದ್ದವರೆಲ್ಲ ಹೋ ಎಂದು ಎದ್ದರು, ಎಳೆದುಕೊಂಡು ಹೋಗಿ ಹಿರಿಯರ ಜಾಗದಲ್ಲಿ ಕೂರಿಸಿದರು. "ಸೂರ್ಯ ಇವತ್ತು ಯಾವ ಕಡೆ ಹುಟ್ದ ಮಾರಾಯ?" ಎಂದ ಜೊಲ್ಚು. ಬೈಸಾಲ್ ನಗಲಿಲ್ಲ. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮುಕಾಷ್ ಕೂತ ಕಡೆಗೇ ನೋಡುತ್ತಿದ್ದ.

ಮಾಂಸದ ತಟ್ಟೆಗಳು ಬರುವ ಮೊದಲು ಹಿರಿಯರು ಒಬ್ಬೊಬ್ಬರಾಗಿ ಮಗುವಿಗೆ ಹರಸುವ ಹೊತ್ತಿನಲ್ಲಿ ಮುಕಾಷ್ ಎದ್ದರು. ಜೋಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ಲ. ಮಗುವಿಗೆ ಹರಸಿ, ಒಂದು ವಿಷಯ ಹೇಳಬೇಕು ಎಂದರು. ತೊಂಬತ್ತೈದರಲ್ಲಿ ಇಂಗ್ಲೆಂಡಿನವನು ಬಂದಾಗ ಅವನು ಬೈಸಾಲಣ್ಣನ ತಂಡವನ್ನು ಹೊಗಳಿದ್ದ, ನಾನು ಅದನ್ನು ಬೈಗುಳ ಮಾಡಿ ಹೇಳಿದೆ. ಸೋಮಾರಿಗಳು, ನಾಚಿಕೆಗೇಡು ಅಂದೆ. ತಪ್ಪು ಗೊತ್ತಾದ ಮೇಲೂ ನನ್ನ ಮರ್ಯಾದೆ ಉಳಿಸಿಕೊಳ್ಳೋದಕ್ಕೆ ಸುಮ್ಮನಿದ್ದೆ. ಬೈಸಾಲಣ್ಣ ಕೇಳಿದಾಗ ಸುಳ್ಳೂ ಹೇಳಿದೆ. ಹೇಳುತ್ತಿದ್ದಂತೆ ಎದೆಯೊಳಗೆ ಏನೋ ಹಗುರಾಗತೊಡಗಿತ್ತು, ಆ ಹಗುರಕ್ಕೆ ನಾಚಿಕೆಯೂ ಆಗುತ್ತಿತ್ತು. ಯಾರಾದರೂ ಎದ್ದು ಬಯ್ಯಲಿ ಎಂದು ಕಾದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾವ ಇಂಗ್ಲೆಂಡಿನೋನು?" ಎಂದರು ಯಾರೋ.

"ಅದೇ ಕಣೋ, ಉದ್ದನೆಯವನು, ಕೆಂಪು ಮೂಗು. ಕಾರ್ಖಾನೆ ನೋಡೋಕ್ ಬಂದಿದ್ದ," ಎಂದ ಜೊಲ್ಚು. "ಸೋಮಾರಿ ಅಂದ್ನಾ? ನನಗೆ ಜ್ಞಾಪಕ ಇಲ್ಲಪ್ಪ. ಅವತ್ತು ಕುರಿ ಕಡಿತಾರೆ ಅಂದಿದ್ರು, ಕಡೀಲಿಲ್ಲ. ಅದೊಂದು ಜ್ಞಾಪಕ ಇದೆ."

ನಗು ಎದ್ದಿತು. ಹಿಂದೆ ಬೈಸಾಲನ ಜೊತೆಗೇ ಎಣ್ಣೆ ಹಚ್ಚುತ್ತಿದ್ದ ಒಬ್ಬ ಗಲ್ಲ ಕೆರೆದುಕೊಂಡು, "ಮೇಷ್ಟ್ರು ಏನೋ ಅಂದ್ರು, ಹೌದು. ನಾನೂ ಬೈಸಾಲಣ್ಣನ ಹಿಂದೇನೇ ಎದ್ದು ಹೋದೆ. ಊಟಕ್ಕೆ ಹೊರಟಿದ್ದಾನೆ ಅಂದ್ಕೊಂಡು," ಎಂದ. ಹೆಂಗಸೊಬ್ಬಳು ಅಡಿಗೆಮನೆಯ ಬಾಗಿಲಿನಿಂದ, "ಬೈಸಾಲಣ್ಣ, ನಿಮ್ಮ ಹಸು ಕರು ಹಾಕ್ತಿತ್ತು ಅಂತ ಹೋದ್ರಿ ಅಂದಿದ್ರಲ್ಲ ಆಗ?" ಎಂದಳು. ಜೊಲ್ಚು ಬೈಸಾಲನ ಭುಜದ ಮೇಲೆ ಕೈಹಾಕಿ ಹತ್ತಿರಕ್ಕೆ ಎಳೆದುಕೊಂಡ. "ಇದಕ್ಕಾಗಿ ಬರ್ತಾ ಇರ್ಲಿಲ್ವಾ ನೀನು? ಛೆ ಛೆ. ನಾವೆಲ್ಲ ಏನಂದ್ಕೊಂಡಿದ್ವಿ ಗೊತ್ತಾ, ಇವನಿಗೆ ದೊಡ್ಡಸ್ತಿಕೆ, ನಮ್ಮಂಥೋರ ಮನೆಗೆ ಕಾಲಿಡಲ್ಲ ಅಂತ. ನನ್ನ ಮಗನ ಮದುವೆಗೆ ಎರಡು ಸಲ ಕರೆ ಕಳ್ಸಿದ್ದೆ, ಬರ್ಲಿಲ್ಲ. ಆಮೇಲೆ ಕರೆಯೋದೇ ಬಿಟ್ವಿ. ಸೋಮಾರಿ ಅಂತೆ! ಕೂರಿ ಮೇಷ್ಟ್ರೇ, ಚಹಾ ಆರ್ತಾ ಇದೆ."

ಮುಕಾಷ್ ಕೂರಲಾರದೆ ನಿಂತೇ ಬೈಸಾಲನನ್ನು ನೋಡಿದರು. ಅವನ ಮುಖ ಸಣ್ಣದಾಗಿತ್ತು. ಬೈಗುಳ ಬಿದ್ದ ದಿನವೂ ಅವನು ಹೀಗೆ ಕಂಡಿರಲಿಲ್ಲ. ಅವತ್ತು ಎದ್ದು ಹೋಗುವಾಗಲೂ ತಲೆಯೆತ್ತಿದ್ದ. ಊರಿಗೆ ಊರೇ ಬೆರಳು ತೋರಿಸುತ್ತದೆಂದು ಹದಿನಾಲ್ಕು ವರ್ಷ ಬಾಗಿಲು ಹಾಕಿಕೊಂಡು ಕೂತವನಿಗೆ ಆ ಬೆರಳು ಯಾವತ್ತೂ ಇರಲೇ ಇಲ್ಲವೆಂದು ಎಲ್ಲರೂ ಪ್ರೀತಿಯಿಂದ ಹೇಳುತ್ತಿದ್ದರು. ಒಬ್ಬೊಬ್ಬರು ಹೇಳಿದಾಗಲೂ ಅವನು ತಲೆಯಾಡಿಸುತ್ತಿದ್ದ, ಬಟ್ಟಲಿನ ಚಹಾ ಚೆಲ್ಲಿ ಬೆರಳ ಮೇಲೆ ಹರಿಯುತ್ತಿದ್ದುದು ಅವನಿಗೆ ತಿಳಿದಂತಿರಲಿಲ್ಲ. ಆ ಗಾಯ ಇದ್ದದ್ದು ಅವನಲ್ಲಿ ಮತ್ತು ತನ್ನಲ್ಲಿ ಮಾತ್ರ, ಇವತ್ತು ಅದನ್ನೂ ಅವನಿಂದ ಕಿತ್ತುಕೊಂಡೆ ಎಂದು ಮುಕಾಷ್‌ರಿಗೆ ಅನ್ನಿಸಿತು. ಅಷ್ಟರಲ್ಲಿ ಮಾಂಸದ ತಟ್ಟೆಗಳು ಬಂದವು, ಮಾತು ಬೇರೆ ಕಡೆ ಹೊರಳಿತು, ಕಜಾನ್‌ನಲ್ಲಿರುವ ಯಾರದೋ ಮಗಳ ವಿಷಯಕ್ಕೆ, ಈ ಸಲದ ಹುಲ್ಲಿನ ವಿಷಯಕ್ಕೆ. ಸ್ವಲ್ಪ ಹೊತ್ತಿಗೆ ಬೈಸಾಲ್ ಯಾರಿಗೂ ಹೇಳದೆ ಎದ್ದು ಹೊರಗೆ ಹೋದ. ಯಾರೂ ಗಮನಿಸಲಿಲ್ಲ. ಮುಕಾಷ್ ಹಿಂದೆಯೇ ಹೋದರು.

ಹೊಸ್ತಿಲಾಚೆ ಅರವತ್ತು ಜನರ ಬೂಟುಗಳು ಒಂದರ ಮೇಲೊಂದು ಬಿದ್ದಿದ್ದವು. ಬೈಸಾಲ್ ಕಾಲುಚೀಲದಲ್ಲಿ ತಣ್ಣನೆಯ ಮೆಟ್ಟಿಲ ಮೇಲೆ ನಿಂತು ಆ ರಾಶಿಯನ್ನು ನೋಡುತ್ತಿದ್ದ. ಹುಡುಕುತ್ತಿರಲಿಲ್ಲ.

"ಸಾಯ್ರಾ ಪ್ರತಿ ಸಲ ಅಂತಿದ್ಲು," ಎಂದ. ಸಾಯ್ರಾ ಅವನ ಹೆಂಡತಿ, ತೀರಿಕೊಂಡು ಮೂರು ಚಳಿಗಾಲವಾಗಿತ್ತು. "ಜೊಲ್ಚು ಮಗನ ಮದುವೆಗೆ ಹೊಸ ರುಮಾಲು ಕಸೂತಿ ಹಾಕ್ಕೊಂಡು ಕೂತಿದ್ಲು. ಹೋಗೋಣ ಕಣ್ರೀ, ಒಂದ್ಗಳಿಗೆ ಕೂತು ಬಂದ್ಬಿಡೋಣ ಅಂದ್ಲು. ಜನ ಆಡ್ಕೊಳ್ತಾರೆ, ನಿಂಗೆ ತಿಳಿಯಲ್ಲ ಅಂದೆ. ಹಾಡು ಅವಳಿಗೆ ಬಹಳ ಇಷ್ಟ. ಗಾಳಿ ಈ ಕಡೆ ಬೀಸಿದ್ರೆ ಅಂಗಳದಲ್ಲಿ ನಿಂತು ಕೇಳ್ಕೊಳ್ಳೋಳು."

ಮುಕಾಷ್ ಬಗ್ಗಿ, ರಾಶಿಯೊಳಗೆ ಕೈಹಾಕಿ, ಹಿಮ್ಮಡಿ ಸವೆದ, ಹಗ್ಗದಿಂದ ಬಿಗಿದ ಒಂದು ಜೊತೆ ಬೂಟುಗಳನ್ನು ಹುಡುಕಿ ತೆಗೆದರು. ಧೂಳು ಒರೆಸಿ, ಮುಂಭಾಗ ಹೊರಗೆ ಮಾಡಿ, ಅವನ ಪಾದಗಳ ಮುಂದೆ ಜೋಡಿಸಿಟ್ಟು ಮಂಡಿಯೂರಿ ಕೂತರು. ಒಳಗೆ ಯಾರೋ ತೊಟ್ಟಿಲ ಹಾಡು ಎತ್ತಿದರು, ಹೆಂಗಸರು ದನಿಗೂಡಿಸಿದರು. ಆಮೇಲೆ ಬೈಸಾಲ್ ಒಂದು ಕಾಲೆತ್ತಿದ, ತೂಕ ತಪ್ಪಿತು, ಮುಕಾಷ್‌ರ ಭುಜದ ಮೇಲೆ ಕೈಯೂರಿದ. ಒಂದು ಬೂಟು ಹಾಕಿದ, ಇನ್ನೊಂದು ಹಾಕಿದ. ಹಾಕಿಯಾದ ಮೇಲೆ ಕೈ ತೆಗೆದ, ಮೆಟ್ಟಿಲಿಳಿದು ಕಾಲುವೆಯ ಕಡೆಗೆ ನಡೆದ. ಕೈ ಇಟ್ಟದ್ದು ಬೀಳಬಾರದೆಂದಷ್ಟೇ, ಬೇರೆ ಯಾವ ಅರ್ಥವೂ ಅದಕ್ಕಿರಲಿಲ್ಲ. ಮುಕಾಷ್‌ರಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಒಳಗಿನಿಂದ ಜಿಪಾರ್ ಬಂದು ಎಬ್ಬಿಸುವವರೆಗೆ ಅವರು ಆ ಭುಜವನ್ನು ಅಲುಗಿಸದೆ ಅಲ್ಲೇ ಕೂತಿದ್ದರು.